ಎಡಗಡೆ ಹಿಂದಿನ ಬಾಗಿಲು

ಜನವರಿ 11

ಪ್ರೀತಿಯ ಡ್ರೈವರ್ ಮಾಮ,

ಅಕ್ಷರ ನೋಡಿ ಯಾರು ಅಂತ ಗುರುತು ಸಿಗಲಿಕ್ಕಿಲ್ಲ. ನಾನು ಡಾಕ್ಟರ ಮಗಳು. ಕಾರಿನ ಮುಂದಿನ ಸೀಟಿನಲ್ಲಿ ನಿಮ್ಮ ಪಕ್ಕ ಕೂತು, ಒಂದೇ ಒಂದು ಸಲ ಹಾರ್ನ್ ಒತ್ತಲಾ ಅಂತ ನಿಮ್ಮ ಪ್ರಾಣ ತಿನ್ನುತ್ತಿದ್ದ ಪುಟ್ಟಮ್ಮ. ನಿಮ್ಮ ನಂಬರ್ ಅಪ್ಪನ ಹಳೇ ಡೈರಿಯಲ್ಲಿ ಸಿಕ್ಕಿತು. ಫೋನ್ ಮಾಡಿದರೆ ನಿಮ್ಮ ಮಗಳು ತೆಗೆದುಕೊಂಡು, 'ಅಪ್ಪನಿಗೆ ಕಿವಿ ಪೂರ್ತಿ ಹೋಗಿದೆ, ಕಾಗದ ಬರೆದರೆ ಓದ್ತಾರೆ' ಅಂತ ವಿಳಾಸ ಕೊಟ್ಟರು. ನಿಮ್ಮ ಕಿವಿ ಹೋಗಿದ್ದರಲ್ಲಿ ನನ್ನ ಹಾರ್ನಿನ ಪಾಲೂ ಇರಬಹುದು, ಕ್ಷಮಿಸಿ.

ಅಪ್ಪ ಹೋಗಿ ಎರಡು ವರ್ಷ ಆಯ್ತು. ಅಮ್ಮನನ್ನ ನನ್ನ ಮನೆಗೇ ಕರೆದುಕೊಂಡು ಬಂದಿದ್ದೀನಿ. ನಾನು ನೀರು ಸರಬರಾಜು ಆಫೀಸಿನಲ್ಲಿ ನಕ್ಷೆ ಬರೆಯೋ ಕೆಲಸದಲ್ಲಿದ್ದೀನಿ. ಮದುವೆ ಗಿದುವೆ ತಲೆಗೆ ಹಚ್ಚಿಕೊಳ್ಳಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಬರೆದಿದ್ದು ನಮ್ಮ ಕಾರಿನ ವಿಷಯಕ್ಕೆ. ನೀವು ಕೆಲಸ ಬಿಟ್ಟ ಮೇಲೆ ಅಪ್ಪ ಸಣ್ಣದೊಂದು ಹೊಸ ಕಾರು ತಗೊಂಡು, ಅದನ್ನ ಕ್ಲಿನಿಕ್ಕಿನ ಹಿಂದಿನ ಶೆಡ್ಡಿಗೆ ತಳ್ಳಿದರು. ಹದಿಮೂರು ವರ್ಷ ಅಲ್ಲೇ ನಿಂತಿತ್ತು. ಕ್ಲಿನಿಕ್ ಖಾಲಿ ಮಾಡೋವಾಗ ಗುಜರಿಯವನು ಬಂದು ಬಾನೆಟ್ ಮೇಲೆ ಕೈ ಬಡಿದು ಇಷ್ಟು ತೂಕ ಬರಬಹುದು ಅಂದ. ಅಪ್ಪನನ್ನೇ ತಕ್ಕಡಿಗೆ ಹಾಕಿದ ಹಾಗಾಯ್ತು ನನಗೆ. ಕೊಡಲ್ಲ ಅಂದುಬಿಟ್ಟೆ.

ಆಮೇಲೆ ಒಬ್ಬ ಮೇಸ್ತ್ರಿ ಸಿಕ್ಕಿದರು. ಹಳೇ ಗಾಡಿಗಳನ್ನ ಹೊಸದು ಮಾಡೋದರಲ್ಲಿ ಎತ್ತಿದ ಕೈ. ಮೊದಲನೇ ದಿನವೇ ಹೇಳಿದರು, 'ಅಮ್ಮಾ, ಮೊದಲನೇ ಸ್ಕ್ರೂ ಬಿಚ್ಚೋವರೆಗೆ ನೀವು ಯಜಮಾನರು. ಆಮೇಲೆ ಗಾಡಿನೇ ಯಜಮಾನ.' ನಾನು ನಕ್ಕೆ. ಈಗ ನಗು ಬರಲ್ಲ. ಕೂರೋ ಜಾಗದ ಕೆಳಗೆ ನೆಲವೇ ಇರಲಿಲ್ಲ, ತುಕ್ಕು ತಿಂದು ರಸ್ತೆ ಕಾಣಿಸುತ್ತಿತ್ತು. ಹಿಂದಿನ ಸೀಟಿನೊಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ವೈರುಗಳನ್ನ ಮುಟ್ಟಿದರೆ ಪುಡಿ ಪುಡಿ. ಎರಡು ವರ್ಷದಿಂದ ನನ್ನ ಒಂದು ಭಾನುವಾರವೂ ನನ್ನದಲ್ಲ.

ನಿಮ್ಮಿಂದ ಕೆಲವು ವಿಷಯ ತಿಳಿಯಬೇಕು. ನೀಲಿ ಬಣ್ಣದ ಕೆಳಗೆ ಇನ್ನೊಂದು ಬಣ್ಣ ಸಿಕ್ಕಿದೆ, ಕೆನೆ ತರಹದ್ದು. ಅದು ಮೂಲದ್ದಾ? ಸ್ಟೇರಿಂಗಿನ ಎಡಕ್ಕೆ ಕೆಳಗಡೆ ಒಂದು ಸಣ್ಣ ಸ್ವಿಚ್ ಇದೆಯಲ್ಲ, ಅದು ಯಾತಕ್ಕೆ? ಚೋಕ್ ಎಷ್ಟು ಎಳೀತಿದ್ದಿರಿ?

ನನಗೆ ಚೆನ್ನಾಗಿ ನೆನಪಿರೋದು ಒಂದೇ ಚಿತ್ರ. ಗಾಡಿ ನಿಲ್ಲುತ್ತಿದ್ದ ಹಾಗೇ ನೀವು ಇಳಿದು, ಹಿಂದುಗಡೆಯಿಂದ ಸುತ್ತಿ ಬಂದು, ಅಮ್ಮನ ಕಡೆಯ ಬಾಗಿಲು ತೆಗೆದು ತಲೆ ತಗ್ಗಿಸಿ ನಿಲ್ಲುತ್ತಿದ್ದಿರಿ. ಅಮ್ಮ ರಾಣಿ ಹಾಗೆ ಇಳಿಯುತ್ತಿದ್ದಳು. ನಾನು ಮನೆಯಲ್ಲಿ ಬೀರುವಿನ ಬಾಗಿಲು ತೆಗೆದು ಹಿಡಿದು ಅದನ್ನೇ ಆಡುತ್ತಿದ್ದೆ, ನಿಮಗೆ ಗೊತ್ತಾ?

ನಿಮ್ಮ
ಪುಟ್ಟಮ್ಮ


ಜನವರಿ 29

ಪುಟ್ಟಮ್ಮ ಅವರಿಗೆ ಡ್ರೈವರ್ ಮಾಡುವ ನಮಸ್ಕಾರ.

ಕಾಗದ ಬಂತು. ಮಗಳು ತಂದುಕೊಟ್ಟಳು. ಎರಡು ಸಲ ಓದಿದೆ. ಡಾಕ್ಟರು ಹೋದ ಸುದ್ದಿ ನನಗೆ ಯಾರೂ ತಿಳಿಸಿರಲಿಲ್ಲ. ಇಪ್ಪತ್ತಾರು ವರ್ಷ ಅವರ ಅನ್ನ ತಿಂದವನು ನಾನು.

ಕೇಳಿದ್ದಕ್ಕೆ ಉತ್ತರ. ಗಾಡಿ ಬಂದಾಗ ಕೆನೆ ಬಣ್ಣವೇ. ಏಳನೆಯ ವರ್ಷ ಡಾಕ್ಟರು ಶಾಯಿ ನೀಲಿ ಹೊಡೆಸಿದರು, ಕೆನೆ ಬಣ್ಣದಲ್ಲಿ ಧೂಳು ಕಾಣುತ್ತದೆ ಎಂದು. ಕೆಳಗಿನ ಸ್ವಿಚ್ಚು ಮಂಜಿನ ದೀಪದ್ದು. ಚೋಕ್ ಎರಡು ಬೆರಳು ಮಾತ್ರ ಎಳೆಯಬೇಕು. ಪೂರ್ತಿ ಎಳೆದರೆ ಎಂಜಿನ್ನು ಪೆಟ್ರೋಲ್ ಕುಡಿದು ಮುನಿಸಿಕೊಂಡು ಕೂರುತ್ತದೆ, ಆಮೇಲೆ ಅರ್ಧ ಗಂಟೆ ಯಾರ ಮಾತೂ ಕೇಳುವುದಿಲ್ಲ. ಮೂರನೇ ಗೇರಿನಲ್ಲಿ ಸಣ್ಣಗೆ ಕೊರಗುತ್ತದೆ. ಅದು ದೋಷವಲ್ಲ, ಅದರ ಸ್ವಭಾವ. ಮೇಸ್ತ್ರಿಗೆ ಹೇಳಿ, ಅದನ್ನು ಸರಿ ಮಾಡಲು ಹೋಗಿ ಗೇರ್ ಬಾಕ್ಸ್ ಬಿಚ್ಚುವುದು ಬೇಡ.

ನನ್ನನ್ನು ಕೇಳಿದರೆ ಒಂದು ಮಾತು. ಆ ಗಾಡಿಯ ಕಾಲ ಮುಗಿಯಿತು. ನೀವು ಹೆಣ್ಣುಮಗಳು ಒಬ್ಬರೇ ದುಡಿಯುವವರು, ಅದರ ಹಿಂದೆ ಬಿದ್ದು ಆರೋಗ್ಯ ಕೆಡಿಸಿಕೊಳ್ಳಬೇಡಿ. ಗುಜರಿಯವನಿಗೆ ಕೊಟ್ಟರೆ ಡಾಕ್ಟರಿಗೆ ಅವಮಾನ ಏನೂ ಆಗುವುದಿಲ್ಲ.

ಬಾಗಿಲು ತೆಗೆಯುತ್ತಿದ್ದ ವಿಷಯ ಬರೆದಿದ್ದೀರಿ. ಅದು ನನ್ನ ಕೆಲಸ, ಮಾಡಿದೆ.

ಗಾಡಿ ರಿಪೇರಿಗೆ ಅಮ್ಮಾವ್ರು ಏನು ಹೇಳುತ್ತಾರೆ, ಅದನ್ನು ನೀವು ಬರೆಯಲಿಲ್ಲ.

ಇಂತಿ
ನಿಮ್ಮ ಮನೆಯ ಡ್ರೈವರ್


ಮಾರ್ಚ್ 20

ಡ್ರೈವರ್ ಮಾಮ,

ನಿಮ್ಮ ಕಾಗದವನ್ನ ಮೇಸ್ತ್ರಿಗೆ ಓದಿ ಹೇಳಿದೆ. 'ಈ ಮನುಷ್ಯ ಗಾಡಿ ಓಡಿಸಿಲ್ಲ, ಸಾಕಿದ್ದಾರೆ' ಅಂದರು. ಗೇರ್ ಬಾಕ್ಸ್ ಆಗಲೇ ಬಿಚ್ಚಿಬಿಟ್ಟಿದ್ದರು, ನಿಮ್ಮ ಕಾಗದ ಒಂದು ವಾರ ತಡ.

ಅಮ್ಮ ಏನಂತಾಳೆ ಅಂತ ಕೇಳಿದ್ದಿರಿ. 'ನಿನ್ನಿಷ್ಟ' ಅಂತಾಳೆ. ಅಮ್ಮ ಯಾವತ್ತು ಬೇರೆ ಏನಾದರೂ ಅಂದಿದ್ದಾಳೆ ಹೇಳಿ. ಆದರೆ ಒಳಗೊಳಗೆ ಅವಳಿಗೂ ಆಸೆ ಇದೆ. ಯಾಕೆ ಹೇಳ್ತೀನಿ ಅಂದರೆ, ಗ್ಯಾರೇಜಿನ ಚಾವಣಿ ಸೋರ್ತಿದೆ ಅಂತ ನಾಲ್ಕೂ ಬಾಗಿಲು ಬಿಚ್ಚಿ ನಮ್ಮ ಮನೆಗೆ ತಂದಿಟ್ಟಿದ್ದೀವಿ. ನಮ್ಮದು ಎರಡು ಕೋಣೆ ಮನೆ. ಮೂರನ್ನ ಹಜಾರದ ಗೋಡೆಗೆ ಒರಗಿಸಿದ ಮೇಲೆ ಜಾಗ ಮುಗೀತು, ನಾಲ್ಕನೇದು ಅಮ್ಮನ ಕೋಣೆಯಲ್ಲಿ, ಅವಳ ಮಂಚದ ಎದುರಿಗೆ. ಮಾರನೇ ದಿನ ನೋಡಿದರೆ ಅದಕ್ಕೆ ತನ್ನ ಒಳ್ಳೇ ಬೆಡ್‌ಶೀಟ್ ಹೊದಿಸಿದ್ದಾಳೆ, ಒಂದು ಚೂರೂ ಕಾಣದ ಹಾಗೆ. ಧೂಳು ಕೂರಬಾರದು ಅಂತ. ಉಳಿದ ಮೂರಕ್ಕೆ ಆ ಭಾಗ್ಯ ಇಲ್ಲ.

ಆ ಬಾಗಿಲಿನ ಬಗ್ಗೆಯೇ ಒಂದು ಪ್ರಶ್ನೆ. ಅದು ಎಡಗಡೆ ಹಿಂದಿನದು, ಅಮ್ಮ ಕೂರ್ತಿದ್ದ ಕಡೆಯದು. ಅದಕ್ಕೆ ಒಳಗಡೆ ಹ್ಯಾಂಡಲ್ ಇಲ್ಲ. ಮಿಕ್ಕ ಮೂರಕ್ಕೂ ಇದೆ. ಹ್ಯಾಂಡಲ್ ಇರಬೇಕಾದ ಕಡೆ ಅಂಗೈ ಅಗಲದ ತಗಡು, ನಾಲ್ಕು ಸ್ಕ್ರೂ, ಮೇಲೆ ಸೀಟಿನ ಬಣ್ಣದ್ದೇ ರೆಕ್ಸಿನ್ ಅಂಟಿಸಿದೆ. ಮೇಸ್ತ್ರಿ ಬಹಳ ಹೊತ್ತು ನೋಡಿ, 'ಮುರಿದಿದ್ದಕ್ಕೆ ಹಾಕಿದ ತೇಪೆ ಹೀಗಿರಲ್ಲ, ಇದು ಪುರುಸೊತ್ತಾಗಿ ಮಾಡಿದ ಕೆಲಸ' ಅಂದರು. ನಾನು ಸದಾ ಮುಂದಿನ ಸೀಟಿನವಳು, ಇದನ್ನ ನೋಡಿದ್ದೇ ಇಲ್ಲ. ಅಮ್ಮನನ್ನ ಕೇಳಿದರೆ 'ಮುರಿದಿತ್ತು' ಅಂದಳು. ನಿಮಗೇನಾದರೂ ನೆನಪಿದೆಯಾ? ಆ ಹ್ಯಾಂಡಲ್ ಎಲ್ಲಾದರೂ ಎತ್ತಿಟ್ಟಿದ್ದಿರಾ? ಹೊರಗೆ ಎಲ್ಲೂ ಸಿಗ್ತಿಲ್ಲ.

ಬೆನ್ನು ನೋವು ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ಬಗ್ಗಬೇಡಿ ಅಂದರು. ಕಾರಿನ ಕೆಳಗೆ ಮಲಗಬಹುದಾ ಅಂತ ಕೇಳಲಿಲ್ಲ.

ನಿಮ್ಮ
ಪುಟ್ಟಮ್ಮ


ಏಪ್ರಿಲ್ 16

ಪುಟ್ಟಮ್ಮ ಅವರಿಗೆ,

ಅಮ್ಮಾವ್ರು ಹೇಳಿದ್ದು ಸರಿ. ಮುರಿದಿತ್ತು. ಅದೇ ತರಹದ್ದು ಸಿಗಲಿಲ್ಲ, ಅದಕ್ಕೆ ಮುಚ್ಚಿದ್ದು. ಎತ್ತಿಟ್ಟಿಲ್ಲ.

ಆ ಬಾಗಿಲನ್ನು ಅಮ್ಮಾವ್ರ ಕೋಣೆಯಿಂದ ಹೊರಗೆ ಇಡಿ. ವಯಸ್ಸಾದವರಿಗೆ ಪೇಂಟು, ತಗಡು ಇವುಗಳ ವಾಸನೆ ಒಳ್ಳೆಯದಲ್ಲ. ಜಾಗ ಇಲ್ಲದಿದ್ದರೆ ಅಡುಗೆಮನೆಯಲ್ಲಾದರೂ ಇಡಿ. ದಯವಿಟ್ಟು ಇಷ್ಟು ಮಾಡಿ.

ನನಗೆ ಮಂಡಿ ನೋವು. ಹೆಚ್ಚು ಹೊತ್ತು ಕೂತು ಬರೆಯಲು ಆಗುವುದಿಲ್ಲ.

ಇಂತಿ
ಡ್ರೈವರ್


ಜುಲೈ 27

ಡ್ರೈವರ್ ಮಾಮ,

ಮೂರು ತಿಂಗಳು ಕಾಗದ ಬರೆಯದೆ ಕೂತಿದ್ದಕ್ಕೆ ಬೈಕೊಳ್ಳಬೇಡಿ. ಕಾರಿನ ಮೈಗೆ ಬಣ್ಣ ಹೊಡೆಸಿದ್ದಾಯ್ತು. ಮೊದಲು ಹೊಡೆದಿದ್ದು ಗುಳ್ಳೆ ಎದ್ದಿತು, ಪೂರ್ತಿ ಕೆರೆದು ಮತ್ತೆ ಹೊಡೆದರು. ಗಾಜಿನ ಸುತ್ತಲ ರಬ್ಬರ್ ತರಿಸೋಕೆ ನಾಲ್ಕು ತಿಂಗಳು, ಬಂದಿದ್ದು ಅರ್ಧ ಇಂಚು ಗಿಡ್ಡ. ಒಂದು ಸರಿ ಮಾಡಿದರೆ ಅದರ ಪಕ್ಕದ್ದು ನನ್ನನ್ನೂ ನೋಡು ಅನ್ನುತ್ತೆ. ಮೇಸ್ತ್ರಿ ಮಾತು ಈಗ ಅರ್ಥ ಆಗ್ತಿದೆ. ಆಫೀಸಿನಲ್ಲಿ ನನ್ನ ರಜೆ ಎಲ್ಲ ಖರ್ಚಾಗಿದೆ, ನೆಗಡಿ ಬಂದರೂ ಕೆಲಸಕ್ಕೆ ಹೋಗಬೇಕು. ಹಳೇ ಗೆಳತಿಯರು ಫೋನ್ ಮಾಡೋದು ಬಿಟ್ಟಿದ್ದಾರೆ. ಮಾಡಿದರೆ ನಾನು ಕಾರ್ಬ್ಯುರೇಟರ್ ಬಗ್ಗೆ ಮಾತಾಡ್ತೀನಂತೆ.

ಒಂದೇ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತೆ. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸಬೇಕಿತ್ತು ಬೇಸಿಗೆಯಲ್ಲೇ. ನಾನು ಒಂದು ವಾರ ಮನೆಯಲ್ಲಿರಬೇಕು, ರಜೆ ಇಲ್ಲ. 'ಗಾಡಿ ಕೆಲಸ ಮುಗೀಲಿ ಬಿಡು, ನನಗೇನು ಅವಸರ, ನೋಡೋಕೆ ಏನಿದೆ' ಅಂದಳು ಅಮ್ಮ. ನಾನೂ ಸುಮ್ಮನಾದೆ. ಈಗ ಅವಳು ಗೋಡೆ ಹಿಡಿದುಕೊಂಡು ನಡೀತಾಳೆ.

ಸಂತೋಷದ ಸುದ್ದಿಯೂ ಇದೆ. ಹ್ಯಾಂಡಲ್ ಸಿಕ್ಕಿತು. ಹದಿನಾರು ಗ್ಯಾರೇಜ್ ಅಲೆದ ಮೇಲೆ, ಇದೇ ಮಾದರಿಯ ಗಾಡಿ ಇಟ್ಟುಕೊಂಡಿದ್ದ ಒಬ್ಬ ಮುದುಕರ ಮನೆಯಲ್ಲಿ. ನಾನೇ ಕೂತು ಪಾಲಿಶ್ ಮಾಡಿದೆ, ಮೇಸ್ತ್ರಿ ಕೂರಿಸಿದರು. ತಗಡು ಬಿಚ್ಚಿ ಬಿಸಾಕಿದ್ದಾಯ್ತು. ಬಾಗಿಲು ಈಗ ಗಾಡಿಗೆ ಸೇರಿದೆ. ನೀವು ಬರೆದ ಮೇಲೂ ನಾನು ಅದನ್ನ ಅಮ್ಮನ ಕೋಣೆಯಿಂದ ತೆಗೆದಿರಲಿಲ್ಲ, ಜಾಗವೇ ಇರಲಿಲ್ಲ.

ಈಗ ನನ್ನ ಮುಖ್ಯ ಬೇಡಿಕೆ. ಅಕ್ಟೋಬರ್ ಎರಡಕ್ಕೆ ಅಮ್ಮನಿಗೆ ಎಪ್ಪತ್ತು ತುಂಬುತ್ತೆ. ಅವತ್ತು ಗಾಡಿ ಮನೆ ಮುಂದೆ ಬರಬೇಕು, ನೀವು ಇಳಿದು ಹಿಂದಿನಿಂದ ಸುತ್ತಿ ಬಂದು ಅಮ್ಮನಿಗೆ ಬಾಗಿಲು ತೆಗೀಬೇಕು. ಆಗ ಹೇಗೋ ಹಾಗೇ. ಓಡಿಸೋದು ಬೇಡ, ಮೇಸ್ತ್ರಿ ಓಡಿಸ್ತಾರೆ. ನೀವು ಬಾಗಿಲು ತೆಗೆದರೆ ಸಾಕು. ಬಸ್ಸಿನ ಟಿಕೆಟ್ ಇದರಲ್ಲೇ ಇಟ್ಟಿದ್ದೀನಿ. ಬರಲ್ಲ ಅನ್ನಬೇಡಿ.

ನಿಮ್ಮ
ಪುಟ್ಟಮ್ಮ


ಆಗಸ್ಟ್ 13

ಪುಟ್ಟಮ್ಮ ಅವರಿಗೆ,

ಟಿಕೆಟ್ ತಲುಪಿತು. ಇಷ್ಟು ಪ್ರೀತಿಯಿಂದ ಕರೆದಿದ್ದೀರಿ. ಆದರೆ ನನ್ನಿಂದ ಆಗುವುದಿಲ್ಲ. ಮಂಡಿ ಮಡಿಸಿ ಬಸ್ಸಿನಲ್ಲಿ ಆರು ಗಂಟೆ ಕೂರಲು ಆಗುವುದಿಲ್ಲ. ಮೇಸ್ತ್ರಿಯೇ ಬಾಗಿಲು ತೆಗೆಯಲಿ. ಇಲ್ಲವಾದರೆ ಅಮ್ಮಾವ್ರೇ ತೆಗೆದುಕೊಳ್ಳಲಿ.

ಅವರ ಕಣ್ಣಿನ ಆಪರೇಷನ್ ಮೊದಲು ಮಾಡಿಸಿ.

ಇಂತಿ
ಡ್ರೈವರ್


ಆಗಸ್ಟ್ 30

ಡ್ರೈವರ್ ಮಾಮ,

ನಿಮ್ಮ ಮಗಳಿಗೆ ಫೋನ್ ಮಾಡಿದ್ದೆ. ನೀವು ದಿನಾ ಬೆಳಿಗ್ಗೆ ಹಾಲಿಗೆ ಅಂತ ಮೈಲಿ ದೂರ ನಡೆದು ಹೋಗಿ ಬರ್ತೀರಂತೆ. ಮಂಡಿ ಬರೀ ನನ್ನ ಕಾಗದಕ್ಕೆ ನೋಯುತ್ತೆ ಅಂತ ಕಾಣುತ್ತೆ.

ನಾನು ಏನಾದರೂ ತಪ್ಪು ಮಾತಾಡಿದ್ದೀನಾ? ಅಪ್ಪ ನಿಮ್ಮನ್ನ ಸರಿಯಾಗಿ ನಡೆಸಿಕೊಳ್ಳಲಿಲ್ಲವಾ? ಇದ್ದರೆ ಹೇಳಿ, ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಅವರು ಬೇರೆಯವರಿಗೆ ಹೇಗಿದ್ದರೋ, ನನಗೆ ಅವರಂಥ ಮನುಷ್ಯ ಇನ್ನೊಬ್ಬ ಇಲ್ಲ. ಜ್ವರ ಬಂದಾಗ ಬೆಳಗಿನ ತನಕ ನನ್ನ ಕಾಲ ಹತ್ತಿರ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನನಗೆ ಈ ಭೂಮಿ ಮೇಲೆ ಉಳಿದಿರೋ ಅವರ ಗುರುತು ಅಂದರೆ ಈ ಗಾಡಿ, ಅಮ್ಮ, ನೀವು. ಮೂರನ್ನೂ ಒಂದು ಸಲ ಒಟ್ಟಿಗೆ ನೋಡಬೇಕು.

ಬಸ್ ಬೇಡ ಅಂದರೆ ನಾನೇ ಬಂದು ಕರೆದುಕೊಂಡು ಹೋಗ್ತೀನಿ. ಸೆಪ್ಟೆಂಬರ್ ಮೂವತ್ತಕ್ಕೆ ನಿಮ್ಮ ಮನೆ ಮುಂದೆ ಇರ್ತೀನಿ.

ಪುಟ್ಟಮ್ಮ


ಸೆಪ್ಟೆಂಬರ್ 14

ಪುಟ್ಟಮ್ಮ,

ನೀವು ಬರುವುದು ಬೇಡ. ನೀವು ಬಂದು ನಿಂತರೆ ಇಲ್ಲ ಎನ್ನಲು ನನಗೆ ಆಗುವುದಿಲ್ಲ. ಯಾವತ್ತೂ ಆಗಿಲ್ಲ, ಅದೇ ನನ್ನ ಕಷ್ಟ. ಬಂದು ಆ ಬಾಗಿಲು ತೆಗೆದು ನಿಂತರೆ ಅಮ್ಮಾವ್ರು ನನ್ನ ಮುಖ ನೋಡುತ್ತಾರೆ. ಅದಕ್ಕಿಂತ ಇದನ್ನು ಬರೆಯುವುದೇ ವಾಸಿ.

ಹ್ಯಾಂಡಲ್ ಮುರಿದಿರಲಿಲ್ಲ. ಅದನ್ನು ಬಿಚ್ಚಿದವನು ನಾನು. ತಗಡು ಕತ್ತರಿಸಿ ಮುಚ್ಚಿದವನೂ ನಾನೇ. ಮೇಸ್ತ್ರಿ ಹೇಳಿದ್ದು ನಿಜ, ಪುರುಸೊತ್ತಾಗಿ ಮಾಡಿದೆ. ಮಧ್ಯಾಹ್ನ ಪೂರ್ತಿ ಹಿಡಿಯಿತು.

ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ನಿಮಗೆ ಆಗ ಏಳು. ಅಮ್ಮಾವ್ರು ಅಂಗಡಿಗೆ ಹೋಗಬೇಕು ಎಂದರು, ಕರೆದುಕೊಂಡು ಹೊರಟೆ. ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಂತಿದ್ದಾಗ ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ತಿರುಗಿ ನೋಡಿದರೆ ಅಮ್ಮಾವ್ರು ಒಂದು ಚೀಲ ಹಿಡಿದು ಬಸ್ ಸ್ಟ್ಯಾಂಡ್ ಕಡೆ ಹೋಗ್ತಾ ಇದ್ದಾರೆ. ಓಡ್ತಾ ಇರಲಿಲ್ಲ, ಸುಮ್ಮನೆ ನಡೀತಾ ಇದ್ದರು. ನಾನು ಗಾಡಿ ತಿರುಗಿಸಿಕೊಂಡು ಅವರ ಪಕ್ಕ ಪಕ್ಕ ನಿಧಾನಕ್ಕೆ ಹೋದೆ. ಹಿಂದಿನವರೆಲ್ಲ ಹಾರ್ನ್ ಹೊಡೀತಿದ್ದರು. 'ಅಮ್ಮಾ ಹತ್ತಿ, ಡಾಕ್ಟರಿಗೆ ನಾನು ಏನು ಹೇಳಲಿ ಅಮ್ಮಾ' ಅಂತ ಅದನ್ನೇ ಹೇಳ್ತಾ ಇದ್ದೆ. ಬೇರೆ ಮಾತು ಬರಲಿಲ್ಲ. ಬಸ್ ಸ್ಟ್ಯಾಂಡ್ ಗೇಟಿನ ಹತ್ತಿರ ನಿಂತರು. ಅಲ್ಲಿದ್ದ ಗಡಿಯಾರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, 'ನಾನು ಹೋದರೆ ನಿನ್ನ ಕೆಲಸ ಹೋಗತ್ತೆ, ಅಲ್ವಾ' ಅಂದರು.

ನನ್ನ ಹೆಂಡತಿಗೆ ಆಗ ಎಂಟು ತಿಂಗಳು. ಈಗ ನಿಮ್ಮ ಫೋನ್ ತೆಗೀತಾಳಲ್ಲ, ಅವಳೇ ಹೊಟ್ಟೆಯಲ್ಲಿದ್ದವಳು. 'ಹೌದಮ್ಮಾ' ಅಂದೆ.

ಹತ್ತಿ ಕೂತರು.

ಡಾಕ್ಟರಿಗೆ ಹೇಳಿದವನೂ ನಾನೇ. ಅವರು ಕೇಳಿರಲಿಲ್ಲ. ಬೇರೆ ಯಾರಾದರೂ ಹೇಳಿಬಿಟ್ಟರೆ ಎಂಬ ಭಯಕ್ಕೆ ನಾನೇ ಮೊದಲು ಹೇಳಿದೆ. ಅವರು ದನಿ ಎತ್ತಲಿಲ್ಲ. ಯಾವತ್ತೂ ಎತ್ತಿದವರಲ್ಲ, ಕೈಯೂ ಎತ್ತಿದವರಲ್ಲ, ಅದನ್ನು ನಾನು ಹೇಳಲೇಬೇಕು. ಇದ್ದ ರೋಗಿಯನ್ನು ನೋಡಿ ಮುಗಿಸಿ, ಕೈ ತೊಳೆದುಕೊಂಡು ಹೊರಗೆ ಬಂದರು. 'ಆ ಬಾಗಿಲಿನ ಒಳಗಿನ ಹ್ಯಾಂಡಲ್ ತೆಗೆದುಬಿಡು. ಮಕ್ಕಳು ಕೂರೋ ಗಾಡಿ' ಅಂದರು. 'ಪುಟ್ಟಮ್ಮ ಮುಂದೆ ಕೂರ್ತಾರೆ ಸಾರ್' ಅಂದೆ. 'ಗೊತ್ತು' ಅಂದರು.

ಆಮೇಲೆ ಇಪ್ಪತ್ತೆರಡು ವರ್ಷ ನಾನು ಇಳಿದು ಸುತ್ತಿ ಬಂದು ಬಾಗಿಲು ತೆಗೆದೆ. ನೋಡಿದವರು ಎಂಥ ವಿನಯದ ಡ್ರೈವರ್ ಎಂದರು. ನಿಮ್ಮ ಶಾಲೆಯ ಹೆಡ್‌ಮಾಸ್ಟರ್ ಒಮ್ಮೆ ನನ್ನ ಬೆನ್ನು ತಟ್ಟಿದ್ದರು. ಕಿಟಕಿ ಗಾಜು ಇಳಿಸಿ ಕೈ ಹಾಕಿ ಹೊರಗಿನ ಹ್ಯಾಂಡಲ್ ತೆಗೆಯಬಹುದಿತ್ತು ಅಮ್ಮಾವ್ರು. ಡಾಕ್ಟರು ಇಲ್ಲದಿದ್ದಾಗ ಬಲಗಡೆ ಸರಿದು ಆ ಬಾಗಿಲಿನಿಂದ ಇಳಿಯಬಹುದಿತ್ತು. ಒಂದು ದಿನವೂ ಮಾಡಲಿಲ್ಲ. ನಾನು ತೆಗೆಯುವವರೆಗೆ ಕೈ ಮಡಿಚಿ ಕೂತಿರುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದುದು ವಿನಯಕ್ಕಲ್ಲ ಪುಟ್ಟಮ್ಮ.

ಗುಜರಿಗೆ ಕೊಡಿ ಎಂದು ಮೊದಲೇ ಬರೆದೆ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಏನು ಆಗುತ್ತಿತ್ತೋ ತಿಳಿಯದು.

ಡ್ರೈವರ್


ಸೆಪ್ಟೆಂಬರ್ 23

ಡ್ರೈವರ್ ಅವರಿಗೆ,

ಕಾಗದ ಬಂತು. ನೀವು ಬರೋದು ಬೇಡ, ನಾನೂ ಬರಲ್ಲ.

ಅಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. 'ಒಲೆ ಮೇಲೆ ಹಾಲಿದೆ' ಅಂತ ಎದ್ದು ಹೋದಳು.

ನೀವು ಒಂದು ಸಲವಾದರೂ ಇಲ್ಲ ಅನ್ನಬಹುದಿತ್ತು. ಬೇರೆ ಕಡೆ ಕೆಲಸ ನೋಡಬಹುದಿತ್ತು. ನನಗೆ ಇಪ್ಪತ್ತು ತುಂಬಿದ ಮೇಲಾದರೂ ಕರೆದು ಹೇಳಬಹುದಿತ್ತು. ಅಥವಾ ಈಗಲೂ ಹೇಳದೆ ಇರಬಹುದಿತ್ತು. ಇವುಗಳಲ್ಲಿ ಯಾವುದಾಗಿದ್ದರೆ ಚೆನ್ನಾಗಿರುತ್ತಿತ್ತು ಅಂತ ನನಗೇ ಗೊತ್ತಾಗ್ತಿಲ್ಲ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅಪ್ಪ ಇಲ್ಲ. ನಿಮಗೆ ಎಪ್ಪತ್ಮೂರು.

ಭಾನುವಾರ ಭಾನುವಾರ ಗ್ಯಾರೇಜಿನಲ್ಲಿ ಕೂತು ನಾನು ಅಪ್ಪನನ್ನ ವಾಪಸ್ ಕರೆತರ್ತಾ ಇದ್ದೀನಿ ಅಂದುಕೊಂಡಿದ್ದೆ. ಬಂದರು.

ಡಾಕ್ಟರ ಮಗಳು


ಡಿಸೆಂಬರ್ 4

ಡ್ರೈವರ್‌ಗೆ,

ಕಣ್ಣಿನ ಆಪರೇಷನ್ ಆಯ್ತು. ಎರಡೂ ಕಣ್ಣು. ಈಗ ಸೂಜಿಗೆ ದಾರ ಪೋಣಿಸ್ತೀನಿ. ಅದಕ್ಕೇ ನಾನೇ ಬರೀತಾ ಇದ್ದೀನಿ. ನನ್ನ ಅಕ್ಷರ ನೀನು ನೋಡಿರಲಿಕ್ಕಿಲ್ಲ, ಅಂಗಡಿ ಚೀಟಿ ಬಿಟ್ಟರೆ.

ಮೊದಲು ಬೈದುಬಿಡ್ತೀನಿ, ಆಮೇಲೆ ಮಿಕ್ಕಿದ್ದು. ನೀನು ಯಾಕೆ ಹೇಳಿದೆ? ಬಂದು ಇನ್ನೊಂದು ಸಲ ಬಾಗಿಲು ತೆಗೆದಿದ್ದರೆ, ನಾನು ಇನ್ನೊಂದು ಸಲ ಕೂತು ಇಳಿಯುತ್ತಿದ್ದೆ. ಹತ್ತು ನಿಮಿಷದ ಮಾತು. ಅವಳ ಅಪ್ಪ ಅವಳಿಗೆ ಒಳ್ಳೆಯವರಾಗಿದ್ದರು. ಅದು ಸುಳ್ಳಲ್ಲ. ಆದರೆ ಒಂದೇ ಮನೆಯಲ್ಲಿ ಅದು ಅವಳಿಗೆ ಕೆಡದ ಹಾಗೆ ನೋಡಿಕೊಳ್ಳೋದು ಸುಲಭ ಇರಲಿಲ್ಲ. ಯಾವ ಮಾತು ಯಾವಾಗ ನುಂಗಬೇಕು, ಅವಳು ಸ್ಕೂಲಿನಿಂದ ಬರೋ ಹೊತ್ತಿಗೆ ಮುಖ ಹೇಗಿರಬೇಕು, ಎಲ್ಲ ನೋಡಿಕೊಂಡು ಮಾಡಿದ ಕೆಲಸ ಅದು. ನನ್ನ ಜೀವಮಾನದಲ್ಲಿ ಪೂರ್ತಿ ಮಾಡಿ ಮುಗಿಸಿದ್ದು ಅಂದರೆ ಅದೊಂದೇ. ನೀನು ಒಂದು ಕಾಗದದಲ್ಲಿ ಬಿಚ್ಚಿ ಹಾಕಿದೆ.

ಅಕ್ಟೋಬರ್ ಎರಡರಂದು ಏನಾಯ್ತು ಅಂತ ಅವಳು ನಿನಗೆ ಬರೆದಿರಲ್ಲ. ಮೇಸ್ತ್ರಿಗೆ ಪಾಪ ಯಾವ ವಿಷಯವೂ ಗೊತ್ತಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಇವಳು ಒಳಗೇ ಉಳಿದಳು. ಎರಡು ವರ್ಷ ಮೈ ಮುರಿದು ದುಡಿದ ಮನುಷ್ಯನನ್ನ ಹಾಗೇ ಕಳಿಸೋದು ಹೇಗೆ? ಅವನೇ ಬಾಗಿಲು ತೆಗೆದ, ನಾನು ಕೂತೆ. ಸೀಟು ಚೆನ್ನಾಗಿದೆ. ಒಂದು ಸುತ್ತು ಹೊಡೆಸಿಕೊಂಡು ಬಂದ. ಮೂರನೇ ಗೇರಿನಲ್ಲಿ ಈಗ ಸದ್ದೇ ಇಲ್ಲ.

ವಾಪಸ್ ಬಂದು ಮನೆ ಮುಂದೆ ನಿಲ್ಲಿಸಿದ. ನಾನು ಕೂತೇ ಇದ್ದೆ. ಅವನೂ ಕೂತೇ ಇದ್ದ, ಅಜ್ಜಿಗೆ ಇನ್ನೂ ಸ್ವಲ್ಪ ಹೊತ್ತು ಕೂರೋ ಆಸೆ ಅಂದುಕೊಂಡು. ಎಷ್ಟು ಹೊತ್ತು ಆಯ್ತೋ ಏನೋ. ಕೊನೆಗೆ ಹಿಂದೆ ತಿರುಗಿ, 'ನಿಮ್ಮ ಪಕ್ಕದಲ್ಲೇ ಹ್ಯಾಂಡಲ್ ಇದೆ ಅಮ್ಮಾ' ಅಂದ. ನನಗೆ ನಗು ಬಂತು. ನಿಜವಾಗಲೂ ಮರೆತೇಹೋಗಿತ್ತು, ಬೇಕಂತ ಮಾಡಿದ್ದಲ್ಲ. ತಲೆ ಎತ್ತಿದರೆ ಇವಳು ಮೆಟ್ಟಿಲ ಮೇಲೆ ನಿಂತಿದ್ದಾಳೆ. ಆಗ ನನಗೆ ಕಣ್ಣು ಸರಿ ಕಾಣ್ತಿರಲಿಲ್ಲ, ಅವಳ ಮುಖ ಮಸುಕು ಮಸುಕು. ಕಾಣದೆ ಇದ್ದಿದ್ದೇ ಒಳ್ಳೇದಾಯ್ತು.

ಗಾಡಿ ಈಗ ಮನೆ ಮುಂದೆಯೇ ನಿಂತಿದೆ, ಮೇಲೆ ಟಾರ್ಪಾಲು. ನನಗೆ ಅದರಲ್ಲಿ ಕೂರೋ ಮನಸ್ಸಿಲ್ಲ, ಅವಳಿಗೆ ಅದನ್ನ ಮಾರೋ ಮನಸ್ಸಿಲ್ಲ, ಮೇಸ್ತ್ರಿಗೆ ಅದನ್ನ ನೋಡದೆ ಇರೋಕೆ ಆಗಲ್ಲ. ವಾರಕ್ಕೊಮ್ಮೆ ಬಂದು ಒರೆಸಿ, ಎಂಜಿನ್ ಶುರು ಮಾಡಿ, ಟೀ ಕುಡಿದು ಹೋಗ್ತಾನೆ.

ಈಗ ನಿನ್ನ ವಿಷಯ. ನಿನ್ನ ಕೆಲಸ ಹೋಗತ್ತೆ ಅಂತ ನಾನು ಅವತ್ತು ಹತ್ತಿದೆ ಅಂದುಕೊಂಡಿದ್ದೀಯ, ಮೂವತ್ತೇಳು ವರ್ಷದಿಂದ. ಹಾಗೆ ಹೇಳಿದ್ದು ಹೌದು. ಏನಾದರೂ ಒಂದು ಹೇಳಬೇಕಿತ್ತಲ್ಲ, ನೀನು ಎದುರಿಗಿದ್ದೆ, ನಿನ್ನ ಮೇಲೆ ಹಾಕಿದೆ. ಚೀಲದಲ್ಲಿ ಇದ್ದಿದ್ದು ಎರಡು ಜೊತೆ ಬಟ್ಟೆ, ಟೀಚರ್ ಕೆಲಸದ ಆರ್ಡರು. ಮದುವೆಗೆ ಮೊದಲು ಎರಡು ವರ್ಷ ನಾನು ಪಾಠ ಹೇಳಿದ್ದೆ. ಆರ್ಡರ್ ತೋರಿಸಿದಾಗ ಇವರು ಅದನ್ನ ಓದಿ, ಮಡಿಚಿ, ಊಟದ ಮೇಜಿನ ಮೇಲೆ ಇಟ್ಟು, 'ಬೇಡ' ಅಂದಿದ್ದರು. ಯಾವ ಬಸ್ಸು ಅಂತ ಗೊತ್ತಿತ್ತು, ಅದು ಎದುರಿಗೇ ನಿಂತಿತ್ತು. ಗಡಿಯಾರ ನೋಡಿದೆ ಅಂತ ಬರೆದಿದ್ದೀಯಲ್ಲ. ಮೂರು ಗಂಟೆ. ಮೂರೂವರೆಗೆ ಇವಳ ಸ್ಕೂಲು ಬಿಡ್ತಿತ್ತು. ಸ್ಕೂಲಿನ ಗೇಟಿನ ಹತ್ತಿರ ಚೀಲ ಹಿಡಿದು ನಿಂತು ಎಡಕ್ಕೂ ಬಲಕ್ಕೂ ನೋಡ್ತಾ ಇರೋಳು ಇವಳು, ನಾನು ಒಂದು ನಿಮಿಷ ತಡವಾದರೂ.

ಇದನ್ನ ನಿನಗೆ ಹೇಳಿದ್ದು ನಿನ್ನ ಮನಸ್ಸಿನ ಭಾರ ಇಳೀಲಿ ಅಂತ. ಅವಳಿಗೆ ಮಾತ್ರ ಬರೀಬೇಡ. ಇದೊಂದನ್ನಾದರೂ ಹೊಟ್ಟೆಯಲ್ಲಿ ಇಟ್ಟುಕೋ. ಅವಳು ಕೇಳಿದಾಗ ನಾನು, ಡ್ರೈವರನ ಹೆಂಡತಿ ಬಸುರಿ, ಪಾಪ ಅಂತ ಹತ್ತಿದೆ ಅಂತಲೇ ಹೇಳಿದ್ದೀನಿ. ಅದಕ್ಕೆ ನಿನ್ನ ಮೇಲೆ ಅವಳ ಸಿಟ್ಟು ಇನ್ನೂ ಇಳಿದಿಲ್ಲ. ನೀನು ತಡ್ಕೋಬೇಕು.

ಮೊದಲೆಲ್ಲ ಸಾಯಂಕಾಲ ಕೆಲಸದಿಂದ ಬಂದು ನನ್ನ ಮಂಚದ ಮೇಲೆ ಕೂತು ಅಪ್ಪ ಹಾಗೆ, ಅಪ್ಪ ಹೀಗೆ ಅಂತಿದ್ದಳು. ಈಗ ಅವರ ಮಾತೇ ಇಲ್ಲ. ನಿನಗೆ ಹೇಳ್ತೀನಿ, ಬೇರೆ ಯಾರಿಗೂ ಹೇಳೋ ಹಾಗಿಲ್ಲ, ಅವಳು ಆಡ್ತಿದ್ದ ಆ ಅಪ್ಪನನ್ನ ಕೇಳೋದು ನನಗೂ ಇಷ್ಟ ಇತ್ತು. ನಾನು ಅಷ್ಟು ಒಳ್ಳೆಯವರ ಜೊತೆ ಇದ್ದೆನಾ ಅನ್ನಿಸೋದು.

ಈಗ ಅವಳದು ಒಂದೇ ಮಾತು. ಎಲ್ಲಾದರೂ ಹೋಗಬೇಕಾ ಅಮ್ಮ, ಏನಾದರೂ ಬೇಕಾ ಅಮ್ಮ. ನನಗೆ ಎಪ್ಪತ್ತು, ಎಲ್ಲಿಗೆ ಹೋಗಲಿ? ಮನೆಯಲ್ಲಿ ಯಾವ ಬಾಗಿಲನ್ನೂ ಅವಳು ಹಾಕಲ್ಲ. ಬೀದಿ ಬಾಗಿಲು, ಹಿತ್ತಲ ಬಾಗಿಲು, ನನ್ನ ಕೋಣೆಯದು, ಎಲ್ಲ ತೆರೆದಿಟ್ಟೇ ಓಡಾಡ್ತಾಳೆ. ಇದು ಚಳಿ ಕಾಲ. ಗಾಳಿ ಈ ಕಡೆ ನುಗ್ಗಿ ಆ ಕಡೆ ಹೋಗುತ್ತೆ, ನನಗೆ ಕಾಲು ಮರಗಟ್ಟುತ್ತೆ. ಆ ಬಾಗಿಲು ಸ್ವಲ್ಪ ಹಾಕೇ ಅಂತ ಹೇಳೋಕೆ ಬಾಯಿ ತೆಗೀತೀನಿ. ಅವಳ ಮುಖ ಈಗ ಚೆನ್ನಾಗಿ ಕಾಣುತ್ತಲ್ಲ, ನೋಡಿ ಸುಮ್ಮನಾಗ್ತೀನಿ. ಇನ್ನೊಂದು ಶಾಲು ಹೊದ್ದುಕೊಂಡು ಕೂತು ಇದನ್ನ ಬರೆದೆ.

ಪುಟ್ಟಮ್ಮನ ತಾಯಿ